ಪಹಣಿ ಅಪ್ಪನ ಹೆಸರಿನಲ್ಲಿ, ಕೃಷಿ ಹೊಂಡ ಬೇಕಿರುವುದು ಮಗನಿಗೆ: ಸರ್ಕಾರಿ ನೆರವು ಹುಡುಕುವುದು ಎಲ್ಲಿಂದ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆ, ಬೇಲೂರು ತಾಲ್ಲೂಕು, ಅರೇಹಳ್ಳಿ ಹೋಬಳಿ. ಒಟ್ಟು ಮೂರೂವರೆ ಎಕರೆ ಜಮೀನಿದೆ. ಒಂದೂವರೆ ಎಕರೆಯಲ್ಲಿ ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. ಉಳಿದ ಎರಡು ಎಕರೆ ಇಳಿಜಾರು ಹೊಲ, ಒಂದು ವರ್ಷ ಮುಸುಕಿನ ಜೋಳ, ಇನ್ನೊಂದು ವರ್ಷ ಶುಂಠಿ. ಮಳೆಗಾಲದಲ್ಲಿ ಮಣ್ಣು ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ಮಾರ್ಚ್ ಬಂದರೆ ಕಾಫಿ ಹೂವಿಗೆ ಹಾಯಿಸಲು ನೀರಿಲ್ಲ. ತಂದೆ ತೀರಿಕೊಂಡು ಎರಡು ವರ್ಷವಾಯಿತು, ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ. ಅಕ್ಕಪಕ್ಕದವರಿಗೆ ಹೊಂಡ, ಸ್ಪ್ರಿಂಕ್ಲರ್, ಟಾರ್ಪಾಲು ಎಲ್ಲ ಸಿಕ್ಕಿವೆ, ನಮಗೆ ಯಾರೂ ಏನೂ ಹೇಳುವುದಿಲ್ಲ. ಯಾವ ಯಾವ ಯೋಜನೆಗಳಿವೆ, ಯಾವ ಕಚೇರಿಗೆ ಹೋಗಬೇಕು, ದಯವಿಟ್ಟು ಪಟ್ಟಿ ಕೊಡಿ. ಎಲ್ಲವನ್ನೂ ಮಾಡಿಸಿಕೊಡುತ್ತೇನೆ, ಮೊದಲು ಐದು ಸಾವಿರ ಕೊಡಿ ಎಂದು ಒಬ್ಬರು ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಪಟ್ಟಿ ಕೇಳಿದ್ದೀರಿ, ಆದರೆ ಕೊಡುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಯೋಜನೆಗಳ ಹೆಸರು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ. ಒಂದು ಸರ್ಕಾರ ನಿಲ್ಲಿಸಿದ್ದನ್ನು ಇನ್ನೊಂದು ಸರ್ಕಾರ ಮತ್ತೆ ಶುರು ಮಾಡುತ್ತದೆ. ಕೃಷಿ ಭಾಗ್ಯವನ್ನೇ ನೋಡಿ. 2014ರಲ್ಲಿ ಆರಂಭವಾಗಿ, ನಡುವೆ ಮಂಕಾಗಿ, 2023–24ರಲ್ಲಿ ಮತ್ತೆ ತಲೆ ಎತ್ತಿತು. ಬದಲಾಗದೆ ಉಳಿಯುವುದು ಎರಡೇ: ನಿಮ್ಮ ದಾಖಲೆ, ಮತ್ತು ಯಾವ ಬೆಳೆ ಯಾವ ಕಚೇರಿಗೆ ಸೇರಿದ್ದು ಎಂಬ ಲೆಕ್ಕ. ಇವೆರಡು ಸರಿಯಾಗಿದ್ದರೆ ಈ ವರ್ಷದ ಯೋಜನೆಯ ಹೆಸರು ಏನೇ ಇರಲಿ, ಅರ್ಜಿ ಹಾಕಲು ಅರ್ಧ ದಿನ ಸಾಕು. ದಾಖಲೆ ಸರಿಯಿಲ್ಲದಿದ್ದರೆ ಪಟ್ಟಿ ಎಷ್ಟೇ ಉದ್ದವಿದ್ದರೂ ಅದನ್ನು ಓದಿ ಸಂಕಟಪಡುವುದಷ್ಟೇ. ಅಕ್ಕಪಕ್ಕದವರಿಗೆ ಸಿಕ್ಕಿದ್ದು ನಿಮಗೆ ಏಕೆ ಸಿಗಲಿಲ್ಲ ಎಂಬುದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಪಹಣಿಯಲ್ಲಿ ನೀವು ಇಲ್ಲ. ಸರ್ಕಾರದ ಕಣ್ಣಿಗೆ ನೀವು ಇನ್ನೂ ರೈತರೇ ಅಲ್ಲ.

ಆದ್ದರಿಂದ ಮೊದಲ ಹೆಜ್ಜೆ ಕೃಷಿ ಇಲಾಖೆಗಲ್ಲ, ನಾಡಕಚೇರಿಗೆ. ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ತಂದೆಯವರ ಮರಣ ಪ್ರಮಾಣ ಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್, ಈಗಿನ ಪಹಣಿ ಇಟ್ಟುಕೊಂಡು ಅರ್ಜಿ ಕೊಡಬೇಕು. ವಂಶವೃಕ್ಷದಲ್ಲಿ ತಾಯಿಯವರನ್ನೂ, ಮದುವೆಯಾಗಿ ಹೋದ ಅಕ್ಕತಂಗಿಯರನ್ನೂ ಬಿಡದೆ ಬರೆಸಿ. ಅವರನ್ನು ಮುಚ್ಚಿಟ್ಟು ಮಾಡಿಸಿದ ಖಾತೆ ಮುಂದೆ ಒಂದು ತಕರಾರು ಅರ್ಜಿಗೆ ಬಿದ್ದುಹೋಗುತ್ತದೆ. 2005ರ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳ ಹಕ್ಕು ಗಂಡುಮಕ್ಕಳಷ್ಟೇ ಗಟ್ಟಿ. ಭಾಗ ಆಗಿಲ್ಲ, ಅಣ್ಣತಮ್ಮಂದಿರಲ್ಲಿ ಒಮ್ಮತವಿಲ್ಲ ಎಂದು ಪೌತಿ ಖಾತೆಯನ್ನೇ ಮುಂದೂಡುವವರು ಬಹಳ. ಅದು ತಪ್ಪು ತಿಳಿವಳಿಕೆ. ಎಲ್ಲರ ಹೆಸರಿಗೂ ಜಂಟಿಯಾಗಿ ಖಾತೆ ಮಾಡಿಸಲು ಭಾಗ ಆಗಬೇಕಾಗಿಲ್ಲ. ಹನ್ನೊಂದು ಇ ನಕ್ಷೆ (ಭಾಗದ ಅಳತೆಯ ನಕ್ಷೆ), ಪೋಡಿ (ಸರ್ವೆ ನಂಬರು ಒಡೆಯುವುದು), ನೋಂದಾಯಿತ ವಿಭಾಗ ಪತ್ರ ಇವೆಲ್ಲ ಬೇರೆ ಬೇರೆ ಪಹಣಿ ಮಾಡಿಕೊಳ್ಳುವಾಗ ಬೇಕಾಗುವಂಥವು. ಜಂಟಿ ಪಹಣಿ ಇದ್ದಾಗ ಸೌಲಭ್ಯ ಪಡೆಯುವವರ ಹೆಸರಿಗೆ ಉಳಿದವರು ಒಪ್ಪಿಗೆ ಪತ್ರ ಬರೆದುಕೊಟ್ಟರೆ ಹೆಚ್ಚಿನ ಇಲಾಖೆಗಳಲ್ಲಿ ಕೆಲಸ ನಡೆಯುತ್ತದೆ.

ಇಲ್ಲೇ ಇನ್ನೊಂದು ಮಾತು. ತಂದೆಯವರಿಗೆ ಪಿಎಂ ಕಿಸಾನ್ ಹಣ ಬರುತ್ತಿತ್ತೇ? ಅವರು ತೀರಿಕೊಂಡ ಮೇಲೂ ಖಾತೆಗೆ ಬೀಳುತ್ತಿದ್ದರೆ ಕೂಡಲೇ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ ನಿಲ್ಲಿಸಿ. ಆ ಹಣವನ್ನು ವಾಪಸು ಕೇಳುತ್ತಾರೆ. ನಿಮ್ಮ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಬಹುದು. 2019ರ ಫೆಬ್ರುವರಿ 1ರ ನಂತರ ಜಮೀನು ಕೊಂಡವರಿಗೆ ವರ್ಷಕ್ಕೆ 6,000 ರೂಪಾಯಿಯ ಈ ಹಣ ಸಿಗುವುದಿಲ್ಲ. ಆದರೆ ಆ ದಿನಾಂಕದ ನಂತರ ಪೌತಿಯಿಂದ ಜಮೀನು ಬಂದವರಿಗೆ ಈ ತಡೆ ಅನ್ವಯಿಸುವುದಿಲ್ಲ. ಈ ವಿನಾಯಿತಿ ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ತಂದೆಯ ಜೊತೆಗೇ ಕಂತೂ ನಿಂತುಹೋಗಿದೆ.

ನಿಮ್ಮ ಮೂರೂವರೆ ಎಕರೆಯಲ್ಲಿ ಪಹಣಿ ಇಲ್ಲದ ತುಂಡು ಏನಾದರೂ ಇದೆಯೇ ಎಂದು ನೀವು ಬರೆದಿಲ್ಲ. ಮಲೆನಾಡಿನ ಕಡೆಯಿಂದ ಬರುವ ಪತ್ರಗಳಲ್ಲಿ ಅರ್ಧದಷ್ಟು ಇಲ್ಲೇ ಎಡವುತ್ತವೆ. ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಸಕ್ರಮಕ್ಕೆ ಕಾಯುತ್ತಿರುವ, ಅಂದರೆ ಸಾಗುವಳಿ ನಿಮ್ಮದಾದರೂ ದಾಖಲೆಯಲ್ಲಿ ಸರ್ಕಾರದ್ದೇ ಆಗಿರುವ ಜಮೀನಿಗೆ ಯಾವ ಸಹಾಯಧನವೂ ಇಲ್ಲ. ಅಲ್ಲಿ ಇಪ್ಪತ್ತು ವರ್ಷದ ಕಾಫಿ ಗಿಡ ಇದ್ದರೂ ಅಷ್ಟೇ. ಹೊಂಡವನ್ನೋ ಸ್ಪ್ರಿಂಕ್ಲರನ್ನೋ ಕೇಳುವಾಗ ಪಹಣಿ ಇರುವ ಸರ್ವೆ ನಂಬರಿಗೇ ಕೇಳಿ. ಸ್ಥಳ ನೋಡಲು ಬಂದವರು ಗಡಿ ತೋರಿಸಿ ಎಂದಾಗ ತಡವರಿಸಬೇಡಿ.

ಖಾತೆ ಬದಲಾದ ಮೇಲೆ ಎರಡನೆಯ ಕೆಲಸ ಫ್ರೂಟ್ಸ್ ನೋಂದಣಿ, ಅಂದರೆ ರೈತರ ಮತ್ತು ಅವರ ಜಮೀನಿನ ವಿವರ ಇಡುವ ರಾಜ್ಯದ ತಂತ್ರಾಂಶದಲ್ಲಿ ಹೆಸರು ಸೇರಿಸುವುದು. ಇದರಿಂದ ಬರುವ ಸಂಖ್ಯೆಯನ್ನೇ ಎಲ್ಲರೂ ಎಫ್‌ಐಡಿ ಎನ್ನುವುದು. ಬಿತ್ತನೆ ಬೀಜದ ರಿಯಾಯಿತಿಯಿಂದ ಹಿಡಿದು ಬೆಂಬಲ ಬೆಲೆಗೆ ರಾಗಿ ಮಾರುವವರೆಗೆ, ಬೆಳೆ ನಷ್ಟ ಪರಿಹಾರದಿಂದ ಬ್ಯಾಂಕ್ ಸಾಲದವರೆಗೆ ಈಗ ಈ ಸಂಖ್ಯೆ ಇಲ್ಲದೆ ಕಡತ ಮುಂದೆ ಹೋಗುವುದಿಲ್ಲ. ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ಪಹಣಿ, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಜಾತಿ ಪ್ರಮಾಣ ಪತ್ರ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಮಾಡಿಕೊಡುತ್ತಾರೆ. ತೋಟಗಾರಿಕೆ, ಪಶುಸಂಗೋಪನೆ, ರೇಷ್ಮೆ ಇಲಾಖೆಯ ಕಚೇರಿಗಳಲ್ಲೂ ಆಗುತ್ತದೆ. ನೋಂದಣಿ ಆಯಿತು ಎಂದು ಎದ್ದು ಬರಬೇಡಿ. ಪರದೆಯ ಮೇಲೆ ನಿಮ್ಮ ಎಲ್ಲ ಸರ್ವೆ ನಂಬರುಗಳೂ ಬಂದಿವೆಯೇ ಎಂದು ಒಂದೊಂದಾಗಿ ನೋಡಿ. ಹೊಲದ ನಂಬರು ಸೇರಿ ತೋಟದ ನಂಬರು ಬಿಟ್ಟುಹೋಗಿದ್ದರೆ ಆ ತೋಟಕ್ಕೆ ಸಂಬಂಧಿಸಿದ ಪರಿಹಾರವಾಗಲಿ ಸಹಾಯಧನವಾಗಲಿ ಬರುವುದಿಲ್ಲ, ಏಕೆ ಬರಲಿಲ್ಲ ಎಂದು ಯಾರೂ ತಾವಾಗಿ ಬಂದು ಹೇಳುವುದೂ ಇಲ್ಲ.

ಹಣ ಯಾವ ಖಾತೆಗೆ ಬೀಳುತ್ತದೆ ಎಂಬುದೂ ಗೊತ್ತಿರಲಿ. ನೀವು ಅರ್ಜಿಗೆ ಲಗತ್ತಿಸಿದ ಪಾಸ್ ಪುಸ್ತಕದ ಖಾತೆಗಲ್ಲ, ನಿಮ್ಮ ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಎಂದೋ ಒಂದು ಮೇಳದಲ್ಲಿ ಮೊಬೈಲ್ ಸಿಮ್ ಜೊತೆಗೆ ತೆರೆದುಕೊಟ್ಟ ಖಾತೆಗೆ ಸಹಾಯಧನ ಹೋಗಿ ಕುಳಿತಿರುವ ಪ್ರಕರಣಗಳು ಬೇಕಾದಷ್ಟಿವೆ. ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಜೋಡಣೆ ಯಾವ ಖಾತೆಗೆ ಇದೆ ಎಂದು ಕೇಳಿದರೆ ಅಲ್ಲೇ ನೋಡಿ ಹೇಳುತ್ತಾರೆ.

ಮೂರನೆಯದನ್ನು ಹತ್ತರಲ್ಲಿ ಒಂಬತ್ತು ಜನ ಮರೆಯುತ್ತಾರೆ. ಅದು ಬೆಳೆ ಸಮೀಕ್ಷೆ. ಮುಂಗಾರು, ಹಿಂಗಾರು, ಬೇಸಿಗೆ ಹೀಗೆ ಹಂಗಾಮಿಗೊಮ್ಮೆ ಪ್ರತಿ ಸರ್ವೆ ನಂಬರಿನ ಬೆಳೆಯನ್ನು ಮೊಬೈಲ್ ಆ್ಯಪ್‌ನಲ್ಲಿ ಚಿತ್ರ ಸಹಿತ ದಾಖಲಿಸುತ್ತಾರೆ. ರೈತರೇ ಮಾಡಬಹುದು, ಇಲ್ಲವಾದರೆ ಊರಿಗೆ ನೇಮಿಸಿದ ಖಾಸಗಿ ನಿವಾಸಿಯೊಬ್ಬರು ಮಾಡುತ್ತಾರೆ. ಆ ನಿವಾಸಿಯ ಕಷ್ಟ ಹೇಗಿರುತ್ತದೆ ಎಂದರೆ, ಜಡಿಮಳೆಯಲ್ಲಿ ಜಿಗಣೆ ಕಚ್ಚಿಸಿಕೊಳ್ಳುತ್ತಾ ತೋಟದ ಒಳಗೆಲ್ಲ ನಡೆಯುವ ಬದಲು ಗೇಟಿನ ಹತ್ತಿರ ನಿಂತು ಒಂದು ಚಿತ್ರ ತೆಗೆದು ‘ಕಾಫಿ’ ಎಂದು ನಮೂದಿಸುತ್ತಾರೆ. ಅಲ್ಲಿಗೆ ನಿಮ್ಮ ಮೆಣಸು ಸರ್ಕಾರದ ದಾಖಲೆಯಲ್ಲಿ ಇಲ್ಲವಾಯಿತು. ನೀವು ಜುಲೈನಲ್ಲಿ ಮೆಣಸಿಗೆ ಹವಾಮಾನ ಆಧಾರಿತ ವಿಮೆ ಕಟ್ಟಿರುತ್ತೀರಿ, ಸಮೀಕ್ಷೆಯಲ್ಲಿ ಮೆಣಸು ಇರುವುದಿಲ್ಲ, ಬೆಳೆ ತಾಳೆಯಾಗಲಿಲ್ಲ ಎಂದು ವಿಮಾ ಅರ್ಜಿ ಬಿದ್ದುಹೋಗುತ್ತದೆ. ಹಾಗಾಗಿ ಸಮೀಕ್ಷೆ ಮಾಡುವ ಆ ನಿವಾಸಿ ಬಂದ ದಿನ ಜೊತೆಯಲ್ಲಿ ಹೋಗಿ, ಮಿಶ್ರ ಬೆಳೆಯಾಗಿ ಮೆಣಸನ್ನೂ, ಅಡಿಕೆ ಇದ್ದರೆ ಅದನ್ನೂ ಬರೆಸಿ. ನಂತರ ಬೆಳೆ ದರ್ಶಕ್ ಆ್ಯಪ್‌ನಲ್ಲಿ ಏನು ದಾಖಲಾಗಿದೆ ಎಂದು ನೋಡಬಹುದು. ತಪ್ಪಿದ್ದರೆ ಅದರಲ್ಲೇ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ, ಅದಕ್ಕೆ ಗಡುವೂ ಇದೆ.

ಈಗ ಕಚೇರಿಗಳ ವಿಚಾರ. ನಿಮ್ಮ ಜಮೀನು ಮೂರೂವರೆ ಎಕರೆಯೇ ಆದರೂ ಅದನ್ನು ನೋಡಿಕೊಳ್ಳುವ ಕಚೇರಿಗಳು ನಾಲ್ಕೈದು. ಮುಸುಕಿನ ಜೋಳ, ರಾಗಿ, ಭತ್ತ ಕೃಷಿ ಇಲಾಖೆಯವು, ಅದರ ಬಾಗಿಲು ಹೋಬಳಿಯ ರೈತ ಸಂಪರ್ಕ ಕೇಂದ್ರ. ಶುಂಠಿ, ಮೆಣಸು, ಅಡಿಕೆ, ಬಾಳೆ, ಆಲೂಗಡ್ಡೆ ತೋಟಗಾರಿಕೆ ಇಲಾಖೆಗೆ ಸೇರಿದವು. ಅದಕ್ಕೆ ತಾಲ್ಲೂಕು ಕೇಂದ್ರದ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಗೆ ಹೋಗಬೇಕು. ಕಾಫಿ ಮಾತ್ರ ರಾಜ್ಯದ ಎರಡೂ ಇಲಾಖೆಗಳಿಗೆ ಸೇರಿದ್ದಲ್ಲ. ಅದು 1942ರ ಕಾಯ್ದೆಯಡಿ ಬಂದ ಕಾಫಿ ಮಂಡಳಿಯದು, ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಅಧೀನ. ಏಲಕ್ಕಿ ಸಂಬಾರ ಮಂಡಳಿಗೆ ಸೇರಿದ್ದು. ಮೆಣಸನ್ನು ಒಣಗಿಸುವ, ಬಿಡಿಸುವ ಯಂತ್ರಗಳಿಗೂ ಆ ಮಂಡಳಿಯ ನೆರವು ಆಗಾಗ ಇರುತ್ತದೆ. ಮರ ಅರಣ್ಯ ಇಲಾಖೆಯದು. ಕೃಷಿ ಇಲಾಖೆಯ ಮೇಜಿನ ಮುಂದೆ ನಿಂತು ಕಾಫಿಗೆ ಸ್ಪ್ರಿಂಕ್ಲರ್ ಕೊಡಿ ಎಂದರೆ ‘ನಮ್ಮಲ್ಲಿ ಬರುವುದಿಲ್ಲ’ ಎನ್ನುತ್ತಾರೆ. ಅದು ಸುಳ್ಳಲ್ಲ. ಎಲ್ಲಿ ಬರುತ್ತದೆ ಎಂದು ಹೇಳದಿರುವುದು ಅವರ ತಪ್ಪು.

ಕಾಫಿಯ ಮಟ್ಟಿಗೆ ನಿಮ್ಮ ಭಾಗದ ಕಾಫಿ ಮಂಡಳಿ ಸಂಪರ್ಕಾಧಿಕಾರಿಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಒಂದೂವರೆ ಎಕರೆ ತೀರ ಕಡಿಮೆಯಾಯಿತೇನೋ ಎಂಬ ಸಂಕೋಚ ಬೇಡ. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣವರೇ. ಹಳೆಯ ಗಿಡ ಕಿತ್ತು ಮರುನಾಟಿ, ಕೆರೆ ಅಥವಾ ತೆರೆದ ಬಾವಿ, ಸ್ಪ್ರಿಂಕ್ಲರ್, ಒಣಗಿಸುವ ಕಣ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇವಕ್ಕೆ ಮಂಡಳಿಯ ಸಮಗ್ರ ಅಭಿವೃದ್ಧಿ ಯೋಜನೆಯಲ್ಲಿ ಸಹಾಯಧನವಿದೆ. ಅರ್ಜಿ ವರ್ಷವಿಡೀ ತೆರೆದಿರುವುದಿಲ್ಲ, ಪ್ರಕಟಣೆ ಬಂದ ಅವಧಿಯಲ್ಲೇ ಹಾಕಬೇಕು. ಐರೋಪ್ಯ ಒಕ್ಕೂಟ ಅರಣ್ಯನಾಶದ ಕಾಫಿ ಬೇಡ ಎಂದು ನಿಯಮ ಮಾಡಿದ ಮೇಲೆ, ತೋಟದ ಭೂಸ್ಥಾನವನ್ನು ಮಂಡಳಿಯ ಇಂಡಿಯಾ ಕಾಫಿ ಆ್ಯಪ್‌ನಲ್ಲಿ ದಾಖಲಿಸಿ ಎಂದು ಬೆಳೆಗಾರರಿಗೆ ಹೇಳುತ್ತಿದ್ದಾರೆ. ಅದನ್ನೂ ಇದೇ ಭೇಟಿಯಲ್ಲಿ ಮುಗಿಸಿಕೊಳ್ಳಿ. ಮಣ್ಣು ಪರೀಕ್ಷೆಗೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. ಮೆಣಸಿನ ಸೊರಗು ರೋಗದಂಥ ತಾಂತ್ರಿಕ ಪ್ರಶ್ನೆಗಳಿಗೆ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರವಿದೆ, ಗಡಿ ದಾಟಿದರೆ ಮೂಡಿಗೆರೆಯಲ್ಲೂ ಒಂದಿದೆ. ಏಲಕ್ಕಿ ಹಾಕುವ ಯೋಚನೆ ಇದ್ದರೆ ಸಕಲೇಶಪುರದ ದೋಣಿಗಾಲ್‌ನಲ್ಲಿರುವ ಏಲಕ್ಕಿ ಸಂಶೋಧನಾ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ಈ ಸಂಸ್ಥೆಗಳು ಸಹಾಯಧನ ಕೊಡುವುದಿಲ್ಲ. ಆದರೆ ಈ ವರ್ಷ ಯಾವ ಇಲಾಖೆಯಲ್ಲಿ ಏನು ಬಂದಿದೆ ಎಂಬುದು ಅಲ್ಲಿನ ವಿಜ್ಞಾನಿಗಳಿಗೆ ಗೊತ್ತಿರುತ್ತದೆ, ಕೇಳಿದರೆ ಬಿಚ್ಚಿ ಹೇಳುತ್ತಾರೆ.

ಹೊಂಡದ ವಿಚಾರಕ್ಕೆ ಬರೋಣ, ನಿಮಗೆ ನಿಜಕ್ಕೂ ಬೇಕಿರುವುದು ಅದೇ. ಅರ್ಜಿಗೆ ಮೊದಲು ಒಂದು ಲೆಕ್ಕ ಹಾಕಿ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಸುಮಾರು ಒಂದು ಲಕ್ಷ ಲೀಟರ್. ರೊಬಸ್ಟಾ ಹೂವಿಗೆ ಒಂದೂವರೆ ಇಂಚು ಬೇಕು ಎಂದಿಟ್ಟುಕೊಂಡರೂ ನಿಮ್ಮ ಒಂದೂವರೆ ಎಕರೆಗೆ 2.3 ಲಕ್ಷ ಲೀಟರ್. ಆ ಮೇಲೆ ಮೂರು ವಾರಕ್ಕೆ ಕಾಯಿ ನಿಲ್ಲಲು ಇನ್ನೊಂದು ಇಂಚು ಕೊಡುವುದಾದರೆ ಮತ್ತೆ ಒಂದೂವರೆ ಲಕ್ಷ. ಒಟ್ಟು 3.8 ಲಕ್ಷ ಲೀಟರ್ ಆಯಿತು. ಈಗ ಹೊಂಡದ ಕಡೆಯ ಲೆಕ್ಕ. ಮೇಲ್ಬಾಯಿ 12 ಮೀಟರ್ ಉದ್ದ, 12 ಮೀಟರ್ ಅಗಲ, ಆಳ 3 ಮೀಟರ್, ಪಕ್ಕದ ಗೋಡೆ ಒಂದಕ್ಕೊಂದು ಓಟ (ಒಂದು ಮೀಟರ್ ಇಳಿದರೆ ಒಂದು ಮೀಟರ್ ಒಳಕ್ಕೆ) ಇದ್ದರೆ ಅದು ಹಿಡಿಯುವುದು ಎರಡೂವರೆ ಲಕ್ಷ ಲೀಟರ್. ಅದೇ ಉದ್ದ, ಅಗಲ ಎರಡೂ 15 ಮೀಟರ್ ಆದರೆ ಸುಮಾರು 4.4 ಲಕ್ಷ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಿಸಿಲಿಗೆ ಆರಿಹೋಗುವ ನೀರೇ ಅರ್ಧ ಮೀಟರಿಗೂ ಹೆಚ್ಚು. ಹಾಗಾಗಿ ನಿಮಗೆ ಕಡಿಮೆಯೆಂದರೂ 15 ಮೀಟರಿನ ಹೊಂಡ ಬೇಕು. ಬದಿಯ ದಂಡೆ ಸೇರಿ ಮೂರು ನಾಲ್ಕು ಗುಂಟೆ ಜಾಗ ಹೋಗುತ್ತದೆ, ಹೋಗಲಿ ಎಂದು ಮನಸ್ಸು ಮಾಡಿಕೊಳ್ಳಿ. ಚಿಕ್ಕದು ಬೇಗ ಮಂಜೂರಾಗುತ್ತದೆ ಎಂದು ಹತ್ತು ಮೀಟರಿನದು ತೋಡಿಸಿ ಫೆಬ್ರುವರಿಗೆಲ್ಲ ಬರಿದು ಮಾಡಿಕೊಂಡವರ ಹೊಂಡಗಳು ಅರಸೀಕೆರೆ, ಕಡೂರಿನ ದಾರಿಯಲ್ಲಿ ಕಣ್ಣಿಗೆ ಬೀಳುತ್ತಲೇ ಇರುತ್ತವೆ.

ಯಾವ ಯೋಜನೆಯಲ್ಲಿ ಕೇಳಬೇಕು? ಕೃಷಿ ಭಾಗ್ಯ ಒಣ ಬೇಸಾಯದ ಪ್ರದೇಶವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದದ್ದು. ಬದು, ಹೊಂಡ, ಪ್ಲಾಸ್ಟಿಕ್ ಹೊದಿಕೆ, ಸುತ್ತ ತಂತಿ ಬೇಲಿ, ಪಂಪು, ತುಂತುರು ನೀರಾವರಿ ಎಲ್ಲವೂ ಅದರಲ್ಲಿ ಒಂದೇ ಕಟ್ಟು. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇಕಡ 80, ಪರಿಶಿಷ್ಟರಿಗೆ ಶೇಕಡ 90 ಸಹಾಯಧನ. ಪ್ರತಿ ವರ್ಷ ಆಯ್ದ ತಾಲ್ಲೂಕುಗಳಿಗೆ ಮಾತ್ರ ಗುರಿ ಬರುತ್ತದೆ, ಬೇಲೂರು ಈ ವರ್ಷದ ಪಟ್ಟಿಯಲ್ಲಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಒಂದೇ ಮಾತಿನಲ್ಲಿ ಹೇಳುತ್ತಾರೆ. ಇದ್ದರೆ ನಿಮ್ಮ ಜೋಳದ ಹೊಲದ ಸರ್ವೆ ನಂಬರಿಗೆ ಕೇಳಿ. ಇಲ್ಲದಿದ್ದರೆ ತೋಟಗಾರಿಕೆ ಮಿಷನ್‌ನಲ್ಲಿ ವೈಯಕ್ತಿಕ ನೀರು ಸಂಗ್ರಹಣಾ ಘಟಕಕ್ಕೆ ನೆರವಿದೆ, ಕಾಫಿ ಮಂಡಳಿಯದೂ ಇದೆ. ಮೂರು ಕಡೆ ವಿಚಾರಿಸಬಹುದು, ಒಂದು ಕಡೆ ಮಾತ್ರ ಪಡೆಯಬಹುದು. ಒಂದೇ ಹೊಂಡಕ್ಕೆ ಎರಡು ಇಲಾಖೆಯ ಹಣ ಪಡೆದದ್ದು ಎಫ್‌ಐಡಿಯಲ್ಲೇ ಗೊತ್ತಾಗಿಬಿಡುತ್ತದೆ.

ಶೇಕಡ 80 ಎಂದರೆ ನಿಮ್ಮ ಖರ್ಚಿನ ಶೇಕಡ 80 ಎಂದು ತಿಳಿಯಬೇಡಿ. ಇಲಾಖೆ ಗೊತ್ತುಪಡಿಸಿದ ಘಟಕ ವೆಚ್ಚದ ಮೇಲಿನ ಶೇಕಡ 80 ಅದು. ಲೆಕ್ಕಕ್ಕಾಗಿ ಹೇಳುತ್ತೇನೆ: ಘಟಕ ವೆಚ್ಚ 60 ಸಾವಿರ ಎಂದಿದ್ದು, ಜಂಬಿಟ್ಟಿಗೆಯ ಗಟ್ಟಿ ನೆಲ ಸಿಕ್ಕಿ ಹಿಟಾಚಿ ಬಾಡಿಗೆ ಏರಿ ನಿಮಗೆ ಒಂದು ಲಕ್ಷ ಖರ್ಚಾದರೆ, ಬರುವುದು 48 ಸಾವಿರ. ಉಳಿದ 52 ಸಾವಿರ ನಿಮ್ಮ ಕೈಯಿಂದ. ಅದೂ ಮೊದಲು ನೀವು ಹಾಕಬೇಕು, ಸಹಾಯಧನ ಕೆಲಸ ಮುಗಿದು ಅಳತೆಯಾದ ಮೇಲೆ ಬರುತ್ತದೆ. ಆ ಹೊತ್ತಿನ ಕೈಗಡಕ್ಕೆ ಸಹಕಾರ ಸಂಘದ ಸಾಲ ಲೇಸು. ರಾಜ್ಯದಲ್ಲಿ 5 ಲಕ್ಷದವರೆಗಿನ ಅಲ್ಪಾವಧಿ ಬೆಳೆ ಸಾಲಕ್ಕೆ ಬಡ್ಡಿಯಿಲ್ಲ. ಹೊಂಡ, ಪಂಪಿನಂಥ ಕೆಲಸಕ್ಕೆ ಮಧ್ಯಮಾವಧಿ ಸಾಲ ಶೇಕಡ 3ರ ಬಡ್ಡಿಗೆ ಸಿಗುತ್ತದೆ. ಇದಕ್ಕೂ ಪಹಣಿ ನಿಮ್ಮ ಹೆಸರಿನಲ್ಲೇ ಬೇಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು: ಕಾರ್ಯಾದೇಶ ಕೈಗೆ ಬರುವ ಮೊದಲು ಮಣ್ಣಿಗೆ ಗುದ್ದಲಿ ಹಾಕಬೇಡಿ. ‘ಹೇಗೂ ಮಂಜೂರಾಗುತ್ತದೆ, ಯಂತ್ರ ಊರಿಗೆ ಬಂದಿದೆ, ತೋಡಿಸಿಬಿಡಿ’ ಎಂದು ಹೇಳುವವರು ಇರುತ್ತಾರೆ. ಕೆಲಸಕ್ಕೆ ಮೊದಲು ಖಾಲಿ ಜಾಗದಲ್ಲಿ ನೀವು ನಿಂತ ಜಿಪಿಎಸ್ ಚಿತ್ರ, ಕೆಲಸ ನಡೆಯುವಾಗ ಒಂದು, ಮುಗಿದ ಮೇಲೆ ಒಂದು ಹೀಗೆ ಚಿತ್ರಗಳು ಸಾಲಾಗಿ ದಾಖಲಾಗಬೇಕು. ಮೊದಲನೆಯ ಚಿತ್ರದಲ್ಲೇ ಹೊಂಡ ಕಾಣಿಸಿದರೆ ಅಲ್ಲಿಗೆ ಕಡತ ಮುಚ್ಚಿತು. ಬೇಲಿಯನ್ನು ಉಳಿತಾಯದ ಹೆಸರಿನಲ್ಲಿ ಬಿಡಬೇಡಿ. ಪ್ಲಾಸ್ಟಿಕ್ ಹೊದಿಸಿದ ಹೊಂಡದ ಗೋಡೆ ಪಾಚಿಗಟ್ಟಿದ ಮೇಲೆ ಈಜು ಬಲ್ಲವನೂ ಹತ್ತಿ ಬರಲಾರ. ಮಕ್ಕಳು, ದನಕರು ಬಿದ್ದ ಸುದ್ದಿಯನ್ನು ನೀವೂ ಓದಿರುತ್ತೀರಿ. ಒಂದು ಹಗ್ಗವನ್ನೋ ಟೈರನ್ನೋ ಸದಾ ನೀರಿಗೆ ಇಳಿಬಿಟ್ಟಿರಿ.

ಸ್ಪ್ರಿಂಕ್ಲರಿಗೆ ಅರ್ಜಿ ಹಾಕುವಾಗ ಒಂದು ವಿಷಯ ಗಮನಿಸಿ. ಒಮ್ಮೆ ಹನಿ ಅಥವಾ ತುಂತುರು ನೀರಾವರಿಗೆ ಸಹಾಯಧನ ಪಡೆದ ಜಮೀನಿಗೆ ಮತ್ತೆ 7 ವರ್ಷ ಸಿಗುವುದಿಲ್ಲ. ತಂದೆಯವರು ಎಂದಾದರೂ ಪಡೆದಿದ್ದಾರೆಯೇ ಎಂದು ಮನೆಯ ಹಳೆಯ ಕಾಗದಗಳಲ್ಲಿ ನೋಡಿ. ಪಂಪಿಗೆ ಸೌರಶಕ್ತಿಯ ಯೋಚನೆ ಇದ್ದರೆ ಕುಸುಮ್ ಬಿ ಯೋಜನೆಯಲ್ಲಿ ರಾಜ್ಯ ಶೇಕಡ 50, ಕೇಂದ್ರ ಶೇಕಡ 30 ಕೊಡುತ್ತವೆ. ವಿದ್ಯುತ್ ಪರಿವರ್ತಕದಿಂದ 500 ಮೀಟರಿಗಿಂತ ದೂರವಿರುವವರಿಗೆ ಅದು. ಮರದ ದಟ್ಟ ನೆರಳಿನ ತೋಟದ ಒಳಗೆ ಫಲಕ ಹಾಕಿಸಿ ಪ್ರಯೋಜನವಿಲ್ಲ, ಹೊಲದ ಕಡೆ ಬಿಸಿಲು ಬೀಳುವ ಜಾಗ ಇದೆಯೇ ನೋಡಿಕೊಳ್ಳಿ.

ಇನ್ನು ಕೊಚ್ಚಿಹೋಗುತ್ತಿರುವ ಮಣ್ಣು. ನೀವು ಇದನ್ನು ಒಂದು ವಾಕ್ಯದಲ್ಲಿ ಬರೆದು ಹೊಂಡದ ಕಡೆ ಓಡಿದ್ದೀರಿ, ಆದರೆ ಮೊದಲು ಆಗಬೇಕಾದ ಕೆಲಸ ಇದೇ. ಮೇಲಿನ ಹೊಲದ ಮಣ್ಣು ಹರಿದು ಬಂದರೆ ಎರಡೇ ಮಳೆಗಾಲದಲ್ಲಿ ನಿಮ್ಮ ಹೊಂಡ ಹೂಳು ತುಂಬುತ್ತದೆ. ಶುಂಠಿಯ ಏರಿಗಳನ್ನು ಇಳಿಜಾರಿನ ಉದ್ದಕ್ಕೆ ಮಾಡುತ್ತಿದ್ದೀರಿ ಎಂದು ನನ್ನ ಊಹೆ, ನೀರು ಬೇಗ ಬಸಿಯಲಿ ಎಂದು ಎಲ್ಲರೂ ಮಾಡುವುದು ಹಾಗೆಯೇ. ಮಣ್ಣು ಹೋಗುವ ದಾರಿಯೂ ಅದೇ. ಇಳಿಜಾರಿಗೆ ಅಡ್ಡಲಾಗಿ, ತುಸು ಓಟ ಕೊಟ್ಟು ಏರಿ ಮಾಡಿ, ನಡುನಡುವೆ ಬದು ಹಾಕಿ, ಬದುವಿನ ಮೇಲೆ ಲಾವಂಚ ನೆಟ್ಟರೆ ನೀರೂ ಬಸಿಯುತ್ತದೆ, ಮಣ್ಣೂ ಉಳಿಯುತ್ತದೆ. ಕಾಫಿಯ ಸಾಲುಗಳ ನಡುವೆ ತೊಟ್ಟಿಲು ಗುಂಡಿ, ಅಂದರೆ ಹರಿಯುವ ನೀರು ಮಣ್ಣನ್ನು ಹಿಡಿಯುವ ಉದ್ದನೆಯ ತಗ್ಗು, ನಮ್ಮ ಕಡೆಯ ಹಳೆಯ ಪದ್ಧತಿ. ಅದಕ್ಕೆ ಯಾವ ಸಹಾಯಧನವನ್ನೂ ಕಾಯಬೇಡಿ, ಮಳೆಗೆ ಮುಂಚೆ ಆಳು ಹಿಡಿದು ಮಾಡಿಸಿ.

ಬದು ನಿರ್ಮಾಣಕ್ಕೆ ದಾರಿ ಎರಡು. ಒಂದು ಪಂಚಾಯಿತಿಯ ಉದ್ಯೋಗ ಖಾತರಿ. ಪರಿಶಿಷ್ಟರು, ಬಡತನ ರೇಖೆಗಿಂತ ಕೆಳಗಿನವರು, ಐದು ಎಕರೆ ಒಳಗಿನ ಸಣ್ಣ ಮತ್ತು ಅತಿಸಣ್ಣ ರೈತರು ತಮ್ಮ ಜಮೀನಿನಲ್ಲೇ ಬದು, ಹೊಂಡ, ತೋಟ ಮಾಡಿಕೊಂಡು ಕೂಲಿ ಪಡೆಯುವ ಏರ್ಪಾಡು ಅದು. ನಿಮ್ಮ ಮೂರೂವರೆ ಎಕರೆ ಆ ಮಿತಿಯೊಳಗೇ ಇದೆ. ನಾಡಕಚೇರಿಯಲ್ಲಿ ಸಣ್ಣ ಹಿಡುವಳಿದಾರರ ಪ್ರಮಾಣ ಪತ್ರ ಮಾಡಿಸಿ, ಉದ್ಯೋಗ ಚೀಟಿ ಪಡೆದುಕೊಳ್ಳಿ. 2005ರ ಕಾನೂನಿನ ಜಾಗಕ್ಕೆ 2025ರ ಕೊನೆಯಲ್ಲಿ ಸಂಸತ್ತು ಹೊಸ ಕಾನೂನು ತಂದಿರುವುದರಿಂದ, ವೈಯಕ್ತಿಕ ಕಾಮಗಾರಿಯ ಈಗಿನ ನಿಯಮವನ್ನು ಪಿಡಿಒ ಅವರನ್ನೇ ಕೇಳಿ. ಈ ದಾರಿಯಲ್ಲಿ ಯಂತ್ರ ತರುವಂತಿಲ್ಲ, ನಿಮ್ಮ ಕಾಮಗಾರಿ ಗ್ರಾಮಸಭೆಯ ಕ್ರಿಯಾ ಯೋಜನೆಯಲ್ಲಿ ಮೊದಲೇ ಸೇರಿರಬೇಕು. ಎರಡನೆಯದು ಜಲಾನಯನ ಯೋಜನೆ. ನಿಮ್ಮ ಹಳ್ಳದ ಕಿರು ಜಲಾನಯನ ಆಯ್ಕೆಯಾಗಿದ್ದರೆ ಮೇಲಿನವರ ಹೊಲ, ನಿಮ್ಮದು, ಕೆಳಗಿನವರದು ಎಲ್ಲವಕ್ಕೂ ಒಟ್ಟಿಗೆ ಬದು, ತಡೆ ಅಣೆ ಆಗುತ್ತದೆ. ಒಬ್ಬರೇ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಇದಕ್ಕೆ ಒಬ್ಬೊಬ್ಬರೇ ಅರ್ಜಿ ಹಾಕಿ ಪಡೆಯುವ ಕ್ರಮವಿಲ್ಲ, ಪ್ರದೇಶ ಆಯ್ಕೆಯಾಗಬೇಕು.

ಇಲ್ಲಿ ಒಂದು ಭಿನ್ನಮತ ದಾಖಲಿಸುತ್ತೇನೆ. ಎಲ್ಲೆಡೆ ಇಂಗುಗುಂಡಿ ತೋಡಿ ಎಂಬ ಮಾತು ಕಡೂರು, ಅರಸೀಕೆರೆ, ಚನ್ನರಾಯಪಟ್ಟಣಕ್ಕೆ ಸರಿ. ಮೂಡಿಗೆರೆ, ಕಳಸ, ಸಕಲೇಶಪುರದ ಪಶ್ಚಿಮದ ಕಡಿದಾದ ಗುಡ್ಡಗಳಿಗೆ ಅಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಭಾಗದಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ ಮೇಲೂ, ಸಹಾಯಧನ ಇದೆ ಎಂದು ಕಡಿದಾದ ಇಳಿಜಾರಿನಲ್ಲಿ ದೊಡ್ಡ ಗುಂಡಿ ತೋಡಿ ನೀರು ನಿಲ್ಲಿಸುವುದು ವಿವೇಕವಲ್ಲ. ಅಲ್ಲಿ ಬೇಕಿರುವುದು ನೀರನ್ನು ಮಣ್ಣು ಕೊಚ್ಚದಂತೆ ಸುರಕ್ಷಿತವಾಗಿ ಇಳಿಸುವ ಕಾಲುವೆ. ನಿಮ್ಮ ಅರೇಹಳ್ಳಿ ಇವೆರಡರ ನಡುವಿನದು. ಹೊಂಡದ ಜಾಗ ಗುರುತಿಸುವಾಗ ಇಳಿಜಾರಿನ ತಲೆ ಬಿಡಿ, ಕೆಳಗಿನ ಸಮತಟ್ಟು ಆರಿಸಿ. ಕೆಳಗೆ ಮನೆ ಇದ್ದರೆ ಆ ಜಾಗವೇ ಬೇಡ.

ಹೊಲದ ಅಂಚಿಗೆ, ಬದುವಿಗೆ ಮರ ಹಾಕುವುದಿದ್ದರೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನೋಡಿ. 2011–12ರಿಂದ ನಡೆಯುತ್ತಿದೆ, ಆದರೂ ಇದನ್ನು ಕೇಳಿ ಬರುವವರು ಕಡಿಮೆ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಇಲಾಖೆಯ ಸಸ್ಯಕ್ಷೇತ್ರದಿಂದ ಕಡಿಮೆ ಬೆಲೆಗೆ ಸಸಿ ತಂದು ನೆಟ್ಟರೆ, ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ ಪ್ರೋತ್ಸಾಹಧನ. ಕಾಫಿ ನಾಡಿನವರು ಗಮನಿಸಬೇಕಾದದ್ದು: ಸಿಲ್ವರ್ ಓಕ್‌ಗೆ ಇದು ಇಲ್ಲ. ನೀಲಗಿರಿ, ಅಕೇಶಿಯ, ಸರ್ವೆ, ಅಡಿಕೆ, ತೆಂಗು, ಕಾಫಿಗೂ ಇಲ್ಲ. ಬೀಟೆ, ಹೊನ್ನೆ, ಹಲಸು, ನೇರಳೆ, ಹೆಬ್ಬೇವಿನಂಥವು ಆದೀತು. ನನ್ನನ್ನು ಕೇಳಿದರೆ ಮೆಣಸು ಹಬ್ಬಿಸಲು ಸಿಲ್ವರ್ ಓಕ್ ಒಂದನ್ನೇ ನೆಚ್ಚಿಕೊಂಡ ತೋಟಕ್ಕೆ ಈ ಮರಗಳನ್ನು ಅಲ್ಲಲ್ಲಿ ಸೇರಿಸುವುದು ಮಣ್ಣಿಗೂ ಒಳ್ಳೆಯದು. ಸಸಿ ವಿತರಣೆ ಜೂನ್ ಹೊತ್ತಿಗೆ ಇರುತ್ತದೆ, ಬೇಡಿಕೆಯನ್ನು ಬೇಸಿಗೆಯಲ್ಲೇ ಬರೆಸಿ.

ಅದೇ ವಲಯ ಕಚೇರಿಗೆ ಆನೆಯ ಕಾರಣಕ್ಕೂ ನೀವು ಹೋಗಬೇಕಾಗಬಹುದು. ಬಿಕ್ಕೋಡು, ಅರೇಹಳ್ಳಿ ಭಾಗದ ಪರಿಸ್ಥಿತಿ ಎಲ್ಲರಿಗೂ ಗೊತ್ತಿದೆ. ಆನೆ ತುಳಿದ ಬೆಳಿಗ್ಗೆ ಕೋಪದಲ್ಲಿ ಮುರಿದ ಗಿಡಗಳನ್ನೆಲ್ಲ ಕಡಿದು ಚೊಕ್ಕಟ ಮಾಡಬೇಡಿ. ಹೆಜ್ಜೆ ಗುರುತು, ಲದ್ದಿ, ಮುರಿದ ಗಿಡ ಎಲ್ಲವೂ ಕಾಣುವಂತೆ ಚಿತ್ರ ತೆಗೆದು ಅಂದೇ ಅರ್ಜಿ ಕೊಡಿ, ಸ್ಥಳ ತನಿಖೆ ಆಗುವವರೆಗೆ ಹಾಗೇ ಬಿಡಿ. ಗಿಡಗಳನ್ನು ಎಣಿಸುವಾಗ ಜೊತೆಗಿದ್ದು ಕಾಫಿಯ ಜೊತೆಗೆ ಮೆಣಸಿನ ಬಳ್ಳಿಯನ್ನೂ ಎಣಿಸಿ ಬರೆಯಿಸಿ.

ವಿಮೆಗೆ ಹೆಚ್ಚು ಬರೆಯುವುದಿಲ್ಲ. ಮುಂಗಾರಿನ ಜೋಳಕ್ಕೆ ಫಸಲ್ ಬಿಮಾದಲ್ಲಿ ರೈತರ ಪಾಲು ವಿಮಾ ಮೊತ್ತದ ಶೇಕಡ 2, ಮೆಣಸು, ಅಡಿಕೆಗೆ ಹವಾಮಾನ ಆಧಾರಿತ ವಿಮೆಯಲ್ಲಿ ಶೇಕಡ 5. ಜೂನ್ ಬಂದೊಡನೆ ಗಡುವು ಯಾವಾಗ ಎಂದು ವಿಚಾರಿಸಿ, ಕೊನೆಯ ದಿನ ಸರ್ವರ್ ಕೆಲಸ ಮಾಡುವುದಿಲ್ಲ. ಫಸಲ್ ಬಿಮಾದಲ್ಲಿ ಆಲಿಕಲ್ಲು, ಭೂಕುಸಿತದಂಥ ನಷ್ಟಕ್ಕೆ 72 ಗಂಟೆಯೊಳಗೆ ತಿಳಿಸಬೇಕು.

‘ನಮಗೆ ಯಾರೂ ಹೇಳುವುದಿಲ್ಲ’ ಎಂದಿದ್ದೀರಿ. ನಿಜ, ಹೇಳುವುದಿಲ್ಲ. ಒಂದು ಹೋಬಳಿಗೆ ಇಷ್ಟೇ ಹೊಂಡ ಎಂದು ಗುರಿ ಬರುತ್ತದೆ, ಬಂದ ಸುದ್ದಿ ಕಚೇರಿಗೆ ಆಗಾಗ ಹೋಗುವವರಿಗೆ ಮೊದಲು ತಿಳಿಯುತ್ತದೆ. ಆರ್ಥಿಕ ವರ್ಷ ಏಪ್ರಿಲ್‌ಗೆ ಶುರುವಾದರೂ ಗುರಿ ಇಳಿದು ಬರುವುದು ಮುಂಗಾರಿನ ಹೊತ್ತಿಗೆ. ಆ ದಿನಗಳಲ್ಲಿ ಬೀಜ ತರಲು ಹೋದಾಗ ಹಾಗೇ ಫಲಕ ನೋಡಿ, ಕೃಷಿ ಅಧಿಕಾರಿಯನ್ನು ಮಾತನಾಡಿಸಿ ಬನ್ನಿ. ಜನವರಿ, ಫೆಬ್ರುವರಿಯಲ್ಲಿ ಇನ್ನೊಮ್ಮೆ ಹೋಗಿ. ಮಂಜೂರಾಗಿಯೂ ಕೆಲಸ ಮಾಡಿಸದವರ ಪಾಲು ಆಗ ಮಿಕ್ಕಿರುತ್ತದೆ, ಮಾರ್ಚ್ ಒಳಗೆ ಖರ್ಚಾಗಬೇಕಾದ್ದರಿಂದ ದಾಖಲೆ ಸಿದ್ಧವಿರುವವರನ್ನು ಅವರೇ ಹುಡುಕುತ್ತಾರೆ. ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯದೆ ಬರಬೇಡಿ. ಜ್ಯೇಷ್ಠತೆಯನ್ನು ಮೀರಿ ಹಿಂದೆ ಹಾಕಿದವರಿಗೆ ಕೊಟ್ಟಿದ್ದಾರೆ ಎಂಬ ಅನುಮಾನವಿದ್ದರೆ ಜಗಳವಾಡುವ ಬದಲು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ಇಂಥ ವರ್ಷ ಇಂಥ ಹೋಬಳಿಯ ಹೊಂಡದ ಫಲಾನುಭವಿಗಳ ಪಟ್ಟಿ, ಅವರ ಅರ್ಜಿಯ ದಿನಾಂಕ ಸಹಿತ’ ಎಂದು ಬರೆದರೆ ಸಾಕು.

ಕೊನೆಯದಾಗಿ ಆ ಐದು ಸಾವಿರ. ಕೊಡಬೇಡಿ. ಪೌತಿ ಖಾತೆಗೆ, ಎಫ್‌ಐಡಿಗೆ, ರೈತ ಸಂಪರ್ಕ ಕೇಂದ್ರದ ಅರ್ಜಿಗೆ ಮಧ್ಯವರ್ತಿ ಬೇಕಾಗಿಲ್ಲ. ಸ್ಪ್ರಿಂಕ್ಲರ್ ಕಂಪನಿಯ ಮಾರಾಟಗಾರರು ತಮ್ಮ ಕಡತವನ್ನು ತಾವೇ ತಯಾರಿಸಿಕೊಡುತ್ತಾರೆ, ಅದು ಅವರ ವ್ಯಾಪಾರ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಮ್ಮ ವಂತಿಗೆಯನ್ನು ಬ್ಯಾಂಕ್ ಮೂಲಕವೇ ಕಟ್ಟಿ, ಬಿಲ್ಲಿನಲ್ಲಿ ಬರೆದ ಪೈಪು ತೋಟಕ್ಕೆ ಬಂದಿದೆಯೇ, ಐಎಸ್‌ಐ ಗುರುತು ಇದೆಯೇ ಎಂದು ಎಣಿಸಿ ನೋಡದೆ ‘ಕೆಲಸ ತೃಪ್ತಿಕರವಾಗಿದೆ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಖಾಲಿ ಅರ್ಜಿಗಂತೂ ಸಹಿಯೇ ಬೇಡ. ನಿಮ್ಮ ಆಧಾರ್‌ಗೆ ಬರುವ ಒಟಿಪಿಯನ್ನು ಪರಿಚಯದವರು ಕೇಳಿದರೂ ಫೋನಿನಲ್ಲಿ ಹೇಳಬೇಡಿ. ಎದುರಿಗೆ ಕುಳಿತು, ಅದು ಯಾವ ಅರ್ಜಿಗೆ ಬಂದದ್ದು ಎಂದು ಓದಿಕೊಂಡ ಮೇಲೆ ಕೊಡಿ. ಅನುಮಾನ ಬಂದರೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿ. ಹಣ ಬೀಳುವುದಿಲ್ಲ, ಕನ್ನಡದಲ್ಲೇ ಉತ್ತರಿಸುತ್ತಾರೆ.